ಒಂದು ಪಾವು ರಂಗೋಲಿ

ಎಚ್ಚರವಾದ ಕೂಡಲೇ ಸೀತಾಳಿಗೆ ತಿಳಿದದ್ದು, ತಾನು ಖುಷಿಯಾಗಿದ್ದೇನೆ ಎಂದು. ಅದರ ಬೆನ್ನಿಗೇ ಹೆದರಿಕೆಯಾಯಿತು. ಕಣ್ಣು ಬಿಡದೆ, ಕಂಬಳಿಯೊಳಗೆ ಅಲುಗಾಡದೆ, ಈ ಖುಷಿ ಎಲ್ಲಿಂದ ಬಂತೆಂದು ಹುಡುಕಿದಳು. ಕಾರಣವೆಂದು ಹೇಳುವಂಥದ್ದು ಏನೂ ಸಿಗಲಿಲ್ಲ. ಆಷಾಢದ ಗಾಳಿ ಖಾಲಿ ಸೈಟುಗಳ ಮೇಲಿಂದ ಬೀಸಿ ಬಂದು ಕಿಟಕಿಯ ಕೊಂಡಿಯನ್ನು ಟಕಟಕ ಅನ್ನಿಸುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ಫಿಲ್ಟರಿಗೆ ಬಿಸಿನೀರು ಸುರಿದ ವಾಸನೆ ಬರುತ್ತಿತ್ತು. ಪಾದದ ಹತ್ತಿರ ಕಂಬಳಿ ಬೆಚ್ಚಗಿತ್ತು. ಇಷ್ಟೇ. ಇಷ್ಟಕ್ಕೆ ಯಾರಾದರೂ ಖುಷಿಪಡುತ್ತಾರೆಯೇ? ಪಡುತ್ತಾರೇನೋ, ಬೇರೆಯವರು. ಅವರಿಗೆ ಅದು ಬರಿಯ ಖುಷಿ. ಕಳೆದ ಧನುರ್ಮಾಸದಲ್ಲಿ ತನಗೂ ಹೀಗೆಯೇ, ಒಂದು ಬೆಳಿಗ್ಗೆ ಕಾಫಿಯ ವಾಸನೆಯಿಂದಲೇ ಶುರುವಾಗಿತ್ತು. ಈ ವಾಸನೆ ಇಷ್ಟು ಚೆನ್ನಾಗಿದೆಯೆಂದು ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ ಅನ್ನಿಸಿ, ಅದನ್ನು ಬಡಾವಣೆಗೆಲ್ಲ ಹೇಳಿಬರಬೇಕೆಂದು ಎದ್ದವಳು ಮತ್ತೆ ಸರಿಯಾಗಿ ಮಲಗಿದ್ದು ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ, ತೋಳಿಗೆ ಸೂಜಿ ಚುಚ್ಚಿಸಿಕೊಂಡ ಮೇಲೆ.

ಅವಳು ಮೆಲ್ಲನೆ ತನ್ನನ್ನು ತಾನೇ ಮುಟ್ಟಿ ನೋಡಿಕೊಂಡಳು, ಜ್ವರ ನೋಡುವ ಹಾಗೆ. ರಾತ್ರಿ ನಿದ್ದೆ ಬಂದಿತ್ತೆ? ಬಂದಿತ್ತು ಅನ್ನಿಸುತ್ತದೆ, ಕನಸಿನಲ್ಲಿ ಯಾರೋ ಬೆಂಡೆಕಾಯಿ ಹೆಚ್ಚುತ್ತಿದ್ದರು. ತಲೆಯೊಳಗೆ ಮಾತುಗಳು ಒಂದನ್ನೊಂದು ತಳ್ಳಿಕೊಂಡು ಬರುತ್ತಿವೆಯೆ? ಇಲ್ಲ. ಆದರೆ ಅವತ್ತೂ ಇಲ್ಲವೆಂದೇ ಅನ್ನಿಸಿತ್ತಲ್ಲ. ಕಂಬಳಿಯಿಂದ ಬಲಗೈ ಹೊರಗೆ ತೆಗೆದು ಬೆರಳು ಬಿಡಿಸಿ ಹಿಡಿದಳು. ಬೆರಳ ತುದಿಗಳು ಸಣ್ಣಗೆ ನಡುಗುತ್ತಿದ್ದವು. ಮಾತ್ರೆ ಶುರುವಾದಾಗಿನಿಂದ ಈ ನಡುಕ ಇದೆ. ಮೊದಮೊದಲು ಅದನ್ನು ಕಂಡರೆ ನಾಚಿಕೆಯಾಗುತ್ತಿತ್ತು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಇವತ್ತು ಅದೊಂದೇ ನಂಬಿಕಸ್ಥ ಗೆಳತಿಯಂತೆ ಕಂಡಿತು. ಮಾತ್ರೆ ಒಳಗಿದೆ, ಕೆಲಸ ಮಾಡುತ್ತಿದೆ.

ಹಾಸಿಗೆ ಸುತ್ತುವಾಗ ತಾನು ಏನನ್ನೋ ಗುನುಗುತ್ತಿದ್ದೇನೆಂಬುದು ಅವಳ ಗಮನಕ್ಕೆ ಬಂದದ್ದು, ವೆರಾಂಡದಲ್ಲಿ ರೇಜರಿನ ಸದ್ದು ನಿಂತಾಗ. ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ ಚಕ್ರಪಾಣಿ ಆ ಕನ್ನಡಿಯೊಳಗಿಂದಲೇ ಹೆಂಡತಿಯನ್ನು ನೋಡುತ್ತಿದ್ದ.

“ರಾತ್ರಿ ನಿದ್ದೆ ಬಂತಾ?”

“ಬಂತು.”

“ಚೆನ್ನಾಗಿ?”

“ಚೆನ್ನಾಗೇ ಬಂತು ಅಂದ್ನಲ್ಲ.”

ದನಿ ಒಂದು ಎಳೆ ಮೇಲೆ ಹೋಯಿತು. ಛೆ, ಅನ್ನಿಸಿತು. ಸಿಡುಕಿದರೂ ಲಕ್ಷಣವೇ. ನಕ್ಕರೆ ಲಕ್ಷಣ, ಅತ್ತರೆ ಲಕ್ಷಣ, ಬೇಗ ಎದ್ದರೆ ಒಂದರದ್ದು, ತಡವಾಗಿ ಎದ್ದರೆ ಇನ್ನೊಂದರದ್ದು. ಪಾತ್ರೆ ತೊಳೆಯುವಾಗ ಸದ್ದು ಹೆಚ್ಚಾದರೆ ಅತ್ತೆ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ, ಸದ್ದೇ ಬಾರದಿದ್ದರೂ ಬಂದು ನಿಲ್ಲುತ್ತಾರೆ. ರಾತ್ರಿ ಮಲಗಿದ ಮೇಲೆ ಚಕ್ರಪಾಣಿ ಟಾರ್ಚಿನ ಬಾಯಿಗೆ ಬೆರಳು ಅಡ್ಡ ಹಿಡಿದು, ಕೆಂಪು ಬೆಳಕಿನಲ್ಲಿ ಅವಳ ರೆಪ್ಪೆ ನೋಡಿ ಹೋಗುತ್ತಾನೆ. ಅವಳಿಗೆ ಅದು ಗೊತ್ತೆಂದು ಅವನಿಗೆ ಗೊತ್ತಿಲ್ಲ. ಅವನ ಸಮಾಧಾನಕ್ಕಾಗಿ ಅವಳು ಉಸಿರನ್ನು ನಿಧಾನವಾಗಿ ಎಳೆದು ಬಿಡುತ್ತಾಳೆ. ಆರು ವರ್ಷದ ಸಂಸಾರದಲ್ಲಿ ಒಬ್ಬರಿಗೊಬ್ಬರು ಇಷ್ಟು ಜಾಗರೂಕರಾಗಿ ಯಾವತ್ತೂ ಇರಲಿಲ್ಲ.

“ಇವತ್ತು ಫ್ಯಾಕ್ಟರಿಗೆ ರಜ ಹಾಕ್ಲಾ?”

“ಯಾಕೆ?”

“ಯಾಕೂ ಇಲ್ಲ, ಸುಮ್ನೆ.”

ಅವನ ಅರ್ಧ ಮುಖದಲ್ಲಿ ಸೋಪು ಒಣಗಿ ಬಿರುಕು ಬಿಟ್ಟಿತ್ತು. ಮೀಸೆಯ ಒಂದು ಬದಿ ಬಿಳಿ, ಒಂದು ಬದಿ ಕಪ್ಪು. ಅವಳಿಗೆ ನಗು ಬಂತು, ತಡೆದುಕೊಳ್ಳಲಾಗಲಿಲ್ಲ. ಅವನು ನಗಲಿಲ್ಲ. ಹೊರಡುವಾಗ ಲೂನಾ ನೂಕಿಕೊಂಡು ಗೇಟಿನವರೆಗೆ ಹೋದವನು ಮರೆತದ್ದನ್ನು ತೆಗೆದುಕೊಳ್ಳಲು ಬಂದವನಂತೆ ವಾಪಸು ಬಂದು ಅಡುಗೆಮನೆಯಲ್ಲಿ ತಾಯಿಯ ಹತ್ತಿರ ಏನೋ ಪಿಸುಗುಟ್ಟಿದ. “ನಾನಿದೀನಲ್ಲ, ನೀನು ಹೊರಡು,” ಎಂದು ಅನಂತಲಕ್ಷ್ಮಮ್ಮ ಗಟ್ಟಿಯಾಗಿಯೇ ಹೇಳಿದರು. ಪಿಸುಗುಟ್ಟುವುದು ಅವರಿಗೆ ಬರುವುದಿಲ್ಲ. ಅದೊಂದು ಪುಣ್ಯ.

ಅವರು ಹೆಚ್ಚು ಮಾತಿನವರೂ ಅಲ್ಲ. ಸೀತಾ ಆಸ್ಪತ್ರೆಯಿಂದ ಬಂದ ಮೊದಲ ಏಕಾದಶಿಯ ದಿನ, ತಟ್ಟೆಯ ತುದಿಯಲ್ಲಿ ಎದ್ದು ಕಾಣುವ ಹಾಗೆ ಉಪ್ಪು ಬಡಿಸಿ, “ನಿನ್ನ ಪಾಲಿನ ಉಪವಾಸಾನೂ ನಾನೇ ಮಾಡ್ತೀನಿ. ನೀರು ಕುಡಿಯೋದು ಬಿಡಬಾರದು, ಉಪ್ಪು ಬಿಡಬಾರದು ಅಂತ ಡಾಕ್ಟರು ಹೇಳಿದಾರೆ. ದೇವರಿಗೆ ನಾನು ಹೇಳ್ಕೋತೀನಿ,” ಎಂದಿದ್ದರು. ಅಷ್ಟೇ. ಆಮೇಲೆ ಅದರ ಮಾತೇ ಎತ್ತಲಿಲ್ಲ; ಆದರೆ ಸೀತಾ ಎಲ್ಲಿ ಕೂತಿದ್ದರೂ ಅಲ್ಲೊಂದು ಚೊಂಬು ನೀರು ಬಂದು ಕೂತಿರುತ್ತಿತ್ತು. ಹಾಗೆಯೇ ಯಾವ ಮಾತೂ ಇಲ್ಲದೆ ರಂಗೋಲಿಯ ಡಬ್ಬಿ ಹಜಾರದ ಅಟ್ಟದ ಮೇಲೆ, ಹಿತ್ತಾಳೆ ಕೊಳದಪ್ಪಲೆಯ ಹಿಂದೆ ಹೋಗಿ ಕೂತಿತ್ತು. ಬೆಳಿಗ್ಗೆ ಅತ್ತೆಯೇ ಬಾಗಿಲಿಗೆ ನೀರು ಹಾಕಿ, ಸೊಂಟ ಹಿಡಿದುಕೊಂಡು ಬಗ್ಗಿ, ಅಕ್ಕಿಹಿಟ್ಟಿನಲ್ಲಿ ಅಡ್ಡಡ್ಡ ಎರಡು ಗೆರೆ ಎಳೆದು ಒಳಗೆ ಬರುತ್ತಿದ್ದರು. ಹಾಕಬೇಡವೆಂದು ಯಾರೂ ಸೀತಾಳಿಗೆ ಹೇಳಿರಲಿಲ್ಲ. ಹಾಕುತ್ತೇನೆಂದು ಅವಳೂ ಹೇಳಿರಲಿಲ್ಲ. ಇವತ್ತು ಎದ್ದ ಗಳಿಗೆಯಿಂದ ಅವಳ ಬೆರಳು ತವಕಿಸುತ್ತಿದ್ದದ್ದು ಅದಕ್ಕೇ. ಹೆಬ್ಬೆರಳು ತೋರುಬೆರಳುಗಳ ನಡುವೆ ಆ ತಣ್ಣನೆಯ ಪುಡಿ ಬೇಕೆನ್ನಿಸುತ್ತಿತ್ತು. ಬೇಕೆನ್ನಿಸುವುದೇ ಕಾಯಿಲೆಯ ಮೊದಲ ಹೆಜ್ಜೆಯಾದರೆ?

ಏನೂ ಬೇಡವೆನ್ನಿಸುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಹೋದ ಮಳೆಗಾಲದ ಕೊನೆಗೆ ಶುರುವಾಗಿತ್ತು ಅದು. ಸ್ನಾನದ ಮನೆಯಲ್ಲಿ ತುಂಬಿದ ಬಕೆಟ್ಟಿನ ಮುಂದೆ ಕೂತು, ಚೊಂಬು ಎತ್ತಿ ತಲೆಗೆ ಸುರಿದುಕೊಳ್ಳುವುದು ಎಂಥ ದೊಡ್ಡ ಕೆಲಸ ಎಂದು ನೋಡುತ್ತಿರುವಷ್ಟರಲ್ಲಿ ನೀರು ಆರಿಹೋಗುತ್ತಿತ್ತು. ಬಾಚಣಿಗೆ ಎತ್ತಿಕೊಳ್ಳುವುದು, ಬಂದವರಿಗೆ ಬನ್ನಿ ಅನ್ನುವುದು, ಒಂದು ತುತ್ತನ್ನು ಅಗಿದು ನುಂಗುವುದು, ಎಲ್ಲವೂ ಬೇರೆ ಯಾರೋ ಗಟ್ಟಿಗರು ಮಾಡಬೇಕಾದ ಕೆಲಸಗಳು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಸುಣ್ಣದ ಮೇಲಿನ ಒಂದು ಗೀರು ಕಾಣುತ್ತಿತ್ತು. ಅದನ್ನು ನೋಡುವುದಷ್ಟೇ ಅವಳಿಗೆ ಆಗುತ್ತಿದ್ದದ್ದು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಕಡಿಮೆಯೆಂದು ಟಾನಿಕ್ಕು ಬರೆದುಕೊಟ್ಟರು. ಟಾನಿಕ್ಕು ಕುಡಿದು ನಾಲಿಗೆ ಕಪ್ಪಾಯಿತು. ಆ ದಿನಗಳಲ್ಲಿ ಎಂದಾದರೊಮ್ಮೆ ಕಿಟಕಿಯ ಕಡೆ ತಿರುಗಿದಾಗ ಬಾಗಿಲ ಮುಂದೆ ಒಂದು ಸಣ್ಣ ತಾವರೆಯ ರಂಗೋಲಿ ಕಾಣುತ್ತಿತ್ತು. ಅತ್ತೆ ಮಂಡಿನೋವಿನಲ್ಲೂ ಬಗ್ಗಿ ಹಾಕುತ್ತಿದ್ದಾರೆ ಎಂದುಕೊಂಡು ಅವಳು ನಾಚಿಕೆಯಿಂದ ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದಳು. ಸೊಸೆ ಯಾರೂ ಏಳುವ ಮೊದಲೇ ಎದ್ದು ಅದೊಂದನ್ನು ಮಾಡಿ ಮತ್ತೆ ಮಲಗುತ್ತಾಳೆ ಎಂದು ಅತ್ತೆ ಅಂದುಕೊಂಡಿದ್ದರು. ಇಬ್ಬರೂ ಕೇಳಲಿಲ್ಲ. ಆಗ ಆ ಮನೆಯಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಕಾರ್ತಿಕದಲ್ಲಿ ಮಾವನವರ ಶ್ರಾದ್ಧ ಬಂತು. ಶ್ರಾದ್ಧದ ದಿನ ಬಾಗಿಲಿಗೆ ರಂಗೋಲಿ ಇಡುವಂತಿಲ್ಲ. ರಂಗೋಲಿಯಿಲ್ಲದ ಹೊಸಿಲು ಕಂಡರೆ ದಾರಿಯಲ್ಲಿ ಹೋಗುವವರಿಗೂ ಇವತ್ತು ಈ ಮನೆಯಲ್ಲಿ ಏನೆಂದು ತಿಳಿಯುತ್ತದೆ. ಪುರೋಹಿತರು ಸೈಕಲ್ ಇಳಿದು ಗೇಟು ತೆಗೆದವರು ಅಲ್ಲೇ ನಿಂತುಬಿಟ್ಟರು. ಹೊಸಿಲ ಮುಂದೆ, ಎಂದಿಗಿಂತ ಒಂದು ಸುತ್ತು ಹೆಚ್ಚಾಗಿಯೇ ಅರಳಿದ ತಾವರೆ. “ಇವತ್ತೇ ಆಗಬೇಕಿತ್ತೇನೇ ನಿನಗೆ? ನನ್ನ ಮೇಲಿನ ಸಿಟ್ಟು ಸತ್ತವರ ಮೇಲೆ ತೀರಿಸ್ಕೋತೀಯಾ?” ಎಂದು ಅತ್ತೆ ಒದ್ದೆ ಸೀರೆಯಲ್ಲೇ ನಿಂತು ಕೂಗಿದರು. ಚಕ್ರಪಾಣಿ ಕೂಗಲಿಲ್ಲ. ಒದ್ದೆಬಟ್ಟೆಯಿಂದ ನೆಲ ಒರೆಸಿ ಬಂದು, ಹಾಸಿಗೆಯ ಪಕ್ಕ ನಿಂತು, ಆಫೀಸಿನ ದನಿಯಲ್ಲಿ ಹೇಳಿದ: “ಎದ್ದು ರಂಗೋಲಿ ಇಡೋಕೆ ಆಗತ್ತೆ. ಎದ್ದು ಒಂದು ದಿನ ಅಡುಗೆ ಮಾಡೋಕೆ ಆಗಲ್ಲ. ಈಗ ಅರ್ಥ ಆಯ್ತು ಬಿಡು.” ನಾನಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಆದರೆ ನಾನಲ್ಲ ಎಂದು ಅವಳಿಗೆ ಗೊತ್ತಿತ್ತೆ? ಮನೆಯಲ್ಲಿದ್ದದ್ದು ಮೂವರು. ಅತ್ತೆ ಅಲ್ಲವೆಂದ ಮೇಲೆ ತಾನೇ ಇರಬೇಕು. ಎದ್ದದ್ದು ತನಗೇ ನೆನಪಿಲ್ಲ. ಹಾಗಾದರೆ ಏಳಲಾಗುವುದಿಲ್ಲ ಅನ್ನುವುದೂ ತನ್ನ ನಾಟಕವೇ ಇರಬೇಕು, ತನಗೇ ತಿಳಿಯದ ನಾಟಕ. ಅವಳು ಬಾಯಿ ಮುಚ್ಚಿದಳು. ಆ ದಿನ ಅವಳೊಳಗೆ ಮುರಿದದ್ದು ಆಸ್ಪತ್ರೆಯ ಮಾತ್ರೆಗೂ ಪೂರ್ತಿ ಕೂಡಿಬಂದಿರಲಿಲ್ಲ. ಮರುದಿನದಿಂದ ತಾವರೆ ಬರಲಿಲ್ಲ.

“ರಂಗೋಲೀ... ರಂಗೋಲಿ ಪುಡೀ...”

ಬೀದಿಯ ತುದಿಯಿಂದ ಕೂಗು ಕೇಳಿದಾಗ ಸೀತಾ ಹೊರಗಿನ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಒಳಗೆ ಹೋಗಿಬಿಡಬೇಕೆಂದು ತಿರುಗಿದಳು. ಗಾಳಿಗೆ ಒದ್ದೆ ಪಂಚೆ ಮುಖಕ್ಕೆ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಆ ಹೆಂಗಸು ಗೇಟಿಗೇ ಬಂದು ತಲೆಯ ಮೇಲಿನ ಬುಟ್ಟಿ ಇಳಿಸಿದ್ದಳು.

“ಅಯ್ಯೋ ಅಕ್ಕಾ! ಎಲ್ಲೋಗ್ಬಿಟ್ಟಿದ್ರಿ ಇಷ್ಟು ದಿನ? ನಿಮ್ಮಂಗೆ ಬುಟ್ಟಿ ಸಮೇತ ಕೊಂಡ್ಕೊಳ್ಳೋರು ಇನ್ನೊಬ್ರು ಸಿಗ್ಲಿಲ್ಲ ನೋಡಿ. ಆ ಬುಟ್ಟಿ ಇನ್ನೂ ಐತಾ?”

ಇತ್ತು. ಬಚ್ಚಲಲ್ಲಿ, ಹಂಡೆಯ ಒಲೆಗೆ ತೆಂಗಿನ ಸಿಪ್ಪೆ ತುಂಬಿಡಲು. ಸೀತಾಳ ಕಿವಿ ಬಿಸಿಯಾಯಿತು. ಧನುರ್ಮಾಸದಲ್ಲಿ ಒಂದು ದಿನ ಇದೇ ಗೇಟಿನಲ್ಲಿ ನಿಂತು, ಇವಳ ಬುಟ್ಟಿ, ತಲೆಯ ಸಿಂಬಿ, ಬಣ್ಣದ ಪೊಟ್ಟಣ ಎಲ್ಲ ಕೊಂಡು, ಬೇಡ ಬೇಡ ಅನ್ನುತ್ತಿದ್ದರೂ ತನ್ನ ಕೈಯ ಗಾಜಿನ ಬಳೆಗಳನ್ನು ಬಿಚ್ಚಿ ಇವಳಿಗೆ ತೊಡಿಸಿದ್ದು, ತೊಡಿಸುವಾಗ ಎಡೆಬಿಡದೆ ಮಾತಾಡಿದ್ದು, ಇವಳು ಮೊದಲು ನಕ್ಕು ಆಮೇಲೆ ಹೆದರಿ ಸೀತಾಳ ಹೆಗಲ ಮೇಲಿಂದ ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿದ್ದು, ಎಲ್ಲ ಈಗ ತಂತಿಯ ಮೇಲಿನ ಬಟ್ಟೆಗಳ ಹಾಗೆ ಒಂದೊಂದೇ ಬೀಸಿ ಬಂತು. ಅನಂತಲಕ್ಷ್ಮಮ್ಮ ಹೊರಗೆ ಬಂದರು. ಈಗ ಇವಳನ್ನು ಗದರಿ ಕಳಿಸುತ್ತಾರೆ, ಆಮೇಲೆ ಸಂಜೆ ಮಗನಿಗೆ ಹೇಳುತ್ತಾರೆ, ಎಂದು ಸೀತಾ ಕಾಯುತ್ತಿದ್ದಳು. ಅವರು ಬುಟ್ಟಿ ನೋಡಿದರು, ಸೊಸೆಯನ್ನು ನೋಡಿದರು.

“ಎಷ್ಟು ಬೇಕೇ?” ಎಂದರು. ಕೇಳಿದ್ದು ಸೊಸೆಯನ್ನು.

“ಒಂದು ಪಾವು,” ಎಂದಳು ಸೀತಾ.

“ಒಂದು ಪಾವಾ?” ಆ ಹೆಂಗಸಿಗೆ ನಿಜವಾಗಿಯೇ ಬೇಸರವಾಯಿತು. “ನಿಮ್ ಕೈಗೆ ಅದೆಲ್ಲಿ ಸಾಕಾಯ್ತದೆ ಅಕ್ಕಾ, ಎರಡು ದಿನಕ್ಕೂ ಬರಾಕಿಲ್ಲ.”

“ಬಂದಷ್ಟು ಬರಲಿ, ನೀನು ಅಳೆಯಮ್ಮ. ತಲೆ ಮಾತ್ರ ಹೊಡೀಬೇಡ, ತುಂಬ ಅಳೆ,” ಎಂದರು ಅತ್ತೆ.

ಆಮೇಲೆ ಅವರೇ ಸ್ಟೂಲು ಹತ್ತಿ, ಕೊಳದಪ್ಪಲೆ ಸರಿಸಿ, ಡಬ್ಬಿ ಇಳಿಸಿ, ಸೆರಗಿನಿಂದ ಧೂಳು ಒರೆಸಿ ಹೊಸಿಲ ಪಕ್ಕ ಇಟ್ಟರು. ಅಲ್ಲೇ ಒಂದು ಚೊಂಬು ನೀರನ್ನೂ.

ತಕ್ಷಣ ಕೂತು ಹಾಕಿಬಿಡಬಹುದಿತ್ತು. ಸೀತಾ ಕೂರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಕಿದರಾಯಿತು, ಅಲ್ಲಿಯವರೆಗೆ ಕಾಯಲು ಆಗುತ್ತದೆಯೋ ನೋಡೋಣ ಎಂದುಕೊಂಡಳು. ಧನುರ್ಮಾಸದಲ್ಲಿ ಕಾಯುವುದೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಎದ್ದು ಓಡಾಡುತ್ತಾಳೆ, ನಗುತ್ತಾಳೆ, ನಾಲ್ಕು ಬಗೆ ತಿಂಡಿ ಮಾಡುತ್ತಾಳೆ ಎಂದು ಮನೆಯಲ್ಲಿ ಮೊದಲ ಒಂದು ವಾರ ಹಬ್ಬದ ಹಾಗಿತ್ತು. “ಅಂತೂ ವಾಸಿಯಾಯ್ತು,” ಎಂದು ಚಕ್ರಪಾಣಿ ಮಲ್ಲಿಗೆ ತಂದಿದ್ದ. ಅಂಗಳ ಸಾಲದಾಯಿತು, ಬೀದಿಗಿಳಿದಳು. ಬೆಳಕು ಹರಿಯುವ ಮೊದಲೇ ಎದ್ದು ಸಾಲುಮನೆಗಳ ಮುಂದೆಲ್ಲ ಹಾಕಿಕೊಂಡು ಹೋಗುವುದು, ಬಳ್ಳಿ, ಶಂಖ, ಹಂಸ. ಬೆರಳು ತಾನೇ ತಾನಾಗಿ ಓಡುತ್ತಿತ್ತು, ಗೆರೆ ಒಂದಿಷ್ಟೂ ಅಲುಗುತ್ತಿರಲಿಲ್ಲ, ಅಷ್ಟು ಚೆಂದದ ಗೆರೆಯನ್ನು ಅವಳು ಮತ್ತೆಂದೂ ಎಳೆಯಲಾರಳು. ಅದೊಂದು ದುಃಖವನ್ನು ಅವಳು ಡಾಕ್ಟರಿಗೂ ಹೇಳಿಲ್ಲ. ಹಾಗೆ ಹಾಕುತ್ತ ಹಾಕುತ್ತ ಒಂದು ಬೆಳಿಗ್ಗೆ ಪಕ್ಕದ ಮನೆಯ ಮುಂದೆ, ರಸ್ತೆಯಗಲಕ್ಕೂ ಗರಿಬಿಚ್ಚಿದ ನವಿಲು ಹಾಕಿದಳು. ಅದು ಇವರ ಮನೆಯ ಮಾಲೀಕರಾದ ತಿಮ್ಮಯ್ಯನವರ ಮನೆ. ಮೂಡಲಪಾಳ್ಯದ ಹೊಲ ಸೈಟಾದ ಮೇಲೆ ಇಲ್ಲಿ ಎರಡು ಮನೆ ಕಟ್ಟಿಸಿ ಒಂದರಲ್ಲಿ ತಾವಿದ್ದು ಇನ್ನೊಂದನ್ನು ಇವರಿಗೆ ಬಾಡಿಗೆಗೆ ಕೊಟ್ಟಿದ್ದರು. ಅವರ ತಾಯಿ ಲಕ್ಷ್ಮಿದೇವಮ್ಮ ರಾತ್ರಿ ತೀರಿಕೊಂಡಿದ್ದರು. ಜನ ಬಂದು ಸೇರಿದ್ದು, ಗಂಡಸರು ಟವಲ್ಲು ಹೊದ್ದು ಮೂಲೆಯಲ್ಲಿ ನಿಂತದ್ದು, ಒಳಗಿನಿಂದ ಅಳು ಬರುತ್ತಿದ್ದದ್ದು, ಎಲ್ಲ ಕಂಡಿತ್ತು ಅವಳಿಗೆ. ಕಂಡರೂ ಅದಕ್ಕೂ ನವಿಲಿಗೂ ಸಂಬಂಧವಿದೆಯೆಂದು ಹೊಳೆಯಲಿಲ್ಲ. ಹೆಣ ಎತ್ತಿಕೊಂಡು ಹೊರಗೆ ಬಂದವರ ಎದುರು ಎರಡು ಕೈ ಅಗಲಿಸಿ ನಿಂತು ನಗುತ್ತ ಹೇಳಿದ್ದಳು: “ನವಿಲು ತುಳೀಬೇಡಿ, ನವಿಲು ತುಳೀಬೇಡಿ!” ಯಾರೋ ಬೈದರು. ಯಾರೋ ರಟ್ಟೆ ಹಿಡಿದೆಳೆದರು. ಚಕ್ರಪಾಣಿ ಬನಿಯನ್ನಿನಲ್ಲೇ ಓಡಿಬರುತ್ತಿದ್ದ. ಅಲ್ಲಿಂದ ಮುಂದೆ ಎಲ್ಲ ಹರಿದು ಚೂರಾಗಿದೆ.

ಆಸ್ಪತ್ರೆಯ ಲೇಡಿ ಡಾಕ್ಟರು ತೆಳ್ಳಗೆ, ದಪ್ಪ ಕನ್ನಡಕ ಹಾಕಿಕೊಂಡು, ಹೇಳಿದ್ದನ್ನೆಲ್ಲ ತಲೆ ಓರೆ ಮಾಡಿ ಕೇಳುತ್ತಿದ್ದರು. ಇದಕ್ಕೂ ಮುಂಚೆ ಹೇಗಿದ್ದರು ಎಂದು ಅವರು ಕೇಳಿದಾಗ ಚಕ್ರಪಾಣಿ, ಹಾಸಿಗೆ ಹಿಡಿದಿದ್ದಳು, ಆದರೆ ಅದು ಬೇರೆ, ಅದು ವಾಸಿಯಾಗಿಹೋಗಿತ್ತು ಎಂದ. “ವಾಸಿಯಾಗಿರಲಿಲ್ಲ. ಮಗ್ಗುಲು ಬದಲಾಯಿಸಿತ್ತು. ಎರಡೂ ಒಂದೇ ಕಾಯಿಲೆ. ಅವಾಗ ಮಲಗಿದ್ದೂ ಇವರ ಸೋಮಾರಿತನ ಅಲ್ಲ, ಇವಾಗ ಕುಣಿದಿದ್ದೂ ಇವರ ಕೊಬ್ಬಲ್ಲ,” ಎಂದರು ಡಾಕ್ಟರು. ಲಿಥಿಯಂ ಎಂಬ ಮಾತ್ರೆಯ ಹೆಸರು ಹೇಳಿ, ಇದೂ ಒಂದು ಬಗೆಯ ಉಪ್ಪೇ, ಕಲ್ಲಿನಲ್ಲಿ ಸಿಗುವಂಥದ್ದು, ಆಗಾಗ ರಕ್ತ ನೋಡಿ ಅಳತೆ ಸರಿಮಾಡಬೇಕು, ಚೆನ್ನಾಗಿದ್ದೇನೆ ಅನ್ನಿಸಿದರೂ ಬಿಡಬಾರದು ಎಂದರು. ರಂಗೋಲಿಯೂ ಕಲ್ಲಿನ ಪುಡಿಯೇ ಎಂದು ಸೀತಾಳಿಗೆ ಆಗ, ಅಷ್ಟು ಮಬ್ಬಿನಲ್ಲೂ, ಅನ್ನಿಸಿತ್ತು. ಹೊರಡುವಾಗ ಅನಂತಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, “ಇನ್ನು ಇವಳು ನಕ್ಕರೆ ನಾವು ಹೆದರ್ಕೋಬೇಕಾ ಡಾಕ್ಟ್ರೇ?” ಎಂದು ಕೇಳಿದ್ದರು. ಡಾಕ್ಟರು ಪೆನ್ನು ಕೆಳಗಿಟ್ಟರು. “ನಗ್ಲಿ ಬಿಡೀಮ್ಮ, ಮನುಷ್ಯರು ನಗ್ತಾರೆ. ಹೊತ್ತಿಗೆ ಸರಿಯಾಗಿ ಸುಸ್ತಾಗತ್ತಾ, ಆಕಳಿಕೆ ಬರತ್ತಾ, ಅದನ್ನ ನೋಡ್ತಾ ಇರಿ.”

ಸಂಜೆಯಾಯಿತು. ಕಾದದ್ದಾಯಿತು. ಸೀತಾ ಬಾಗಿಲು ಗುಡಿಸಿ ನೀರು ಚಿಮುಕಿಸಿ, ಡಬ್ಬಿ ತೆಗೆದು ಕುಕ್ಕುರುಗಾಲಲ್ಲಿ ಕೂತಳು. ಅತ್ತೆ ಜಗಲಿಯ ಮೇಲೆ ಹೂಬತ್ತಿ ಹೊಸೆಯುತ್ತ, ನೋಡದವರ ಹಾಗೆ ನೋಡುತ್ತಿದ್ದರು. ಚುಕ್ಕಿಗಳು ಸುಲಭವಾಗಿ ಬಂದವು. ಗೆರೆ ಎಳೆದಾಗ ಮಾತ್ರ ನಡುಕ ಇಳಿದು ಬಂದು ನೆಲದ ಮೇಲೆ ಕಂಡಿತು; ತಾವರೆಯ ಎಸಳು ನೀರಿನೊಳಗಿಂದ ನೋಡಿದ ಎಸಳಿನ ಹಾಗೆ ಅಲೆಯಲೆಯಾಯಿತು. ಅವಳು ಅಳಿಸಲಿಲ್ಲ. ಎರಡನೆಯದನ್ನು ಎಳೆದಳು. ಅದೂ ಹಾಗೆಯೇ. ಯಾರದೋ ನೆರಳು ಬಿತ್ತು.

“ಏನ್ ಸೀತಮ್ಮ, ಗೆರೆ ಹಿಂಗ್ಯಾಕೆ ಕುಣೀತೈತೆ?”

ತಿಮ್ಮಯ್ಯನವರ ಹೆಂಡತಿ ಶಿವಕ್ಕ. ಮಧ್ಯೆ ಒಂದು ಮೋಟುಗೋಡೆಯಿದ್ದರೂ, ನವಿಲಿನ ದಿನದಿಂದ ಇಬ್ಬರ ನಡುವೆ ನಲ್ಲಿಯಲ್ಲಿ ನೀರು ಬಂತೇ ಎಂಬುದನ್ನು ಬಿಟ್ಟು ಬೇರೆ ಮಾತಿರಲಿಲ್ಲ. ಮನೆ ಬಿಡಿ ಎಂದು ಅವರು ಹೇಳುವುದನ್ನು ಸೀತಾ ಪ್ರತಿದಿನ ಕಾದಿದ್ದಳು, ಅವರು ಹೇಳಿರಲಿಲ್ಲ. ಹೇಳದೆ ಇರುವುದು ಇನ್ನೂ ಕಷ್ಟವಾಗಿತ್ತು. ಈಗ ತಲೆಯೆತ್ತದೆ ಅಂದಳು: “ಮಾತ್ರೆ ಶಿವಕ್ಕ. ಕೈ ನಡುಗತ್ತೆ.”

“ನಡುಗ್ಲಿ ಬುಡಿ. ನಮ್ಮತ್ತೆ ಕೈ ನಾನು ಸೊಸೆಯಾಗಿ ಬಂದಾಗಿಂದ್ಲೂ ನಡುಗ್ತಿತ್ತು. ಆದ್ರೆ ನನ್ ಕೆನ್ನೆ ಅಂದ್ರೆ ಒಂದಿವ್ಸಾನೂ ಗುರಿ ತಪ್ಲಿಲ್ಲ.”

ಸೀತಾ ನಕ್ಕಳು. ನಕ್ಕಮೇಲೆ ಜಗಲಿಯ ಕಡೆ ನೋಡಿದಳು. ಅತ್ತೆ ಬತ್ತಿ ಹೊಸೆಯುತ್ತಲೇ ಇದ್ದರು. ಅಷ್ಟರಲ್ಲಿ ಗಾಳಿ ಬೀಸಿ, ಈಗಷ್ಟೇ ಎಳೆದ ಎಸಳಿನ ಅರ್ಧ ಹಾರಿಹೋಯಿತು. “ಥೂ, ಈ ಆಷಾಢ,” ಎನ್ನುತ್ತ ಶಿವಕ್ಕ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತು, ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಎಸಳನ್ನು ತುಂಬಿಸಿದಳು. ತುದಿಯಲ್ಲಿ ಕೈಯೆತ್ತುವಾಗ ಅವಳ ಬೆರಳು ರೂಢಿಯಂತೆ ಒಂದಿಷ್ಟು ಹೊರಕ್ಕೆ ಕೊಂಕಿತು. ಎಸಳಿಗೆ ಒಂದು ಸಣ್ಣ ಬಾಲ ಬಂತು. ಸೀತಾ ಆ ಬಾಲವನ್ನೇ ನೋಡಿದಳು. ಗೋಡೆಯ ಗೀರು ಬಿಟ್ಟರೆ ಆ ತಿಂಗಳುಗಳಲ್ಲಿ ಅವಳ ಕಣ್ಣು ಕಂಡಿದ್ದು ಅದೊಂದೇ: ಕಿಟಕಿಯಾಚೆಯ ತಾವರೆ, ಎಸಳೆಸಳಿಗೂ ಹೀಗೆಯೇ ಕೊಂಕಿದ ಬಾಲ.

“ಶಿವಕ್ಕ,” ಎಂದಳು. “ಹೋದ ಕಾರ್ತಿಕದಲ್ಲಿ, ನಮ್ಮ ಬಾಗಿಲಿಗೆ...”

ಶಿವಕ್ಕನ ಕೈ ಡಬ್ಬಿಯ ಮೇಲೆ ನಿಂತಿತು. ಅವಳು ಒಮ್ಮೆ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದಳು. “ಊಂ ಕಣವ್ವ, ನಾನೇ. ನೀವು ಮೇಲೇಳ್ತಿರಲಿಲ್ಲ, ಅಮ್ಮಾರಿಗೆ ಮಂಡಿನೋವು. ಬಾಗ್ಲು ಬರೀದಾಗಿದ್ರೆ ಜನ ಏನೋ ಅಂದ್ಕೋತಾರೆ ಅಂತ, ನಮ್ಮನೇದು ಹಾಕ್ತಾ ಹಂಗೇ ಇಲ್ಲೂ ಒಂದು ಗೀಚ್ತಿದ್ದೆ. ಆವತ್ತು ನಿಮ್ ಮಾವನೋರ ತಿಥಿ ಅಂತ ನಂಗೇನು ಗೊತ್ತು! ಪುರೋಹಿತರು ಬತ್ತಾರೆ ಅಂತ ಕೇಳಿ, ಏನೋ ಪೂಜೆ ಇರ್ಬೇಕು ಅಂತ ಒಂದು ಸುತ್ತು ಜಾಸ್ತೀನೇ ಬುಟ್ಟೆ. ಆಮೇಲೆ ಗೋಡೆ ಆ ಕಡೆಯಿಂದ ಎಲ್ಲಾ ಕೇಳಿಸ್ತು. ಬಂದು ಹೇಳ್ಬೇಕು ಅಂತ ಹೊಸಿಲವರ್ಗೂ ಬಂದೆ. ಮಡಿಯೋರ ಮನೆ, ಏನಂತಾರೋ ಅಂತ ಕಾಲು ಬರ್ಲಿಲ್ಲ. ನನ್ ಬೈಗುಳ ನೀವು ತಿಂದ್ರಿ.”

ನಾನು ಎದ್ದಿರಲಿಲ್ಲ, ಎಂದುಕೊಂಡಳು ಸೀತಾ. ಎಷ್ಟು ಸಣ್ಣ ಮಾತು. ಆಗ ನಾನು ಏಳಲೇ ಇಲ್ಲ. ನನಗೆ ಏಳಲು ಆಗುತ್ತಲೇ ಇರಲಿಲ್ಲ. ಎದೆಯ ಮೇಲೆ ಯಾರೋ ಇಟ್ಟು ಮರೆತುಹೋಗಿದ್ದ ಒರಳುಕಲ್ಲನ್ನು ಅದರ ವಾರಸುದಾರರು ಬಂದು ಎತ್ತಿಕೊಂಡು ಹೋದ ಹಾಗಾಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಬಿಳಿಪುಡಿ ಬಳಿದುಕೊಂಡಳು. “ನಾನು ನಿಮ್ಮ ಮನೆ ಮುಂದೆ ಮಾಡಿದ್ದಕ್ಕೆ... ನಿಮ್ಮತ್ತೆ ಹೋದ ದಿನ...” ಎಂದಳು.

“ಅದಕ್ಕೇನು, ನಿಮ್ ಮಾವನಿಗೆ ನಾನು ಹಾಕ್ದೆ, ನಮ್ ಅತ್ತೆಗೆ ನೀವು ಹಾಕಿದ್ರಿ. ಅವ್ರಿಬ್ರೂ ಮೇಲೆ ಕುಂತು ನಗ್ತಾ ಅವ್ರೆ ಬುಡಿ.” ಶಿವಕ್ಕ ಇನ್ನೊಂದು ಚಿಟಿಕೆ ತೆಗೆದುಕೊಂಡಳು. “ನಮ್ ತಮ್ಮ ಬಾಯಿಗೆ ಬಂದಂಗೆ ಬೈದ. ಅವ್ನ ಬಾಯೇ ಹಂಗೆ. ಆದ್ರೆ ನಮ್ಮನೆಯೋರು ಏನಂದ್ರು ಗೊತ್ತಾ? ‘ಪಕ್ಕದಲ್ಲಿ ಹೋಗ್ರಪ್ಪಾ, ಆಯಮ್ಮ ಅಷ್ಟು ಕಷ್ಟಪಟ್ಟು ಬರ್ದವ್ಳೆ’ ಅಂದ್ರು. ಚರಂಡಿ ಅಂಚಲ್ಲೇ ಎತ್ಕೊಂಡು ಹೋದ್ರು. ಯಾರೂ ತುಳೀಲಿಲ್ಲ ನಿಮ್ ನವಿಲ್ನ. ಸಂಜೆವರ್ಗೂ ಹಂಗೇ ಇತ್ತು.”

ಸೀತಾಳಿಗೆ ಅದು ಗೊತ್ತಿರಲಿಲ್ಲ. ತಾನು ಕೂಗಿದ್ದು ಮಾತ್ರ ನೆನಪಿತ್ತು. ಅವರು ಕೇಳಿದ್ದು ನೆನಪಿರಲಿಲ್ಲ.

ಜಗಲಿಯ ಮೇಲೆ ಬತ್ತಿ ಹೊಸೆಯುವ ಕೈ ಯಾವಾಗಲೋ ನಿಂತಿತ್ತು. ಅನಂತಲಕ್ಷ್ಮಮ್ಮ ಮಂಡಿ ಹಿಡಿದುಕೊಂಡು ಎದ್ದರು. “ಕೂತಿರಿ ಶಿವಕ್ಕ, ಕಾಫಿ ತರ್ತೀನಿ,” ಎಂದು ಒಳಗೆ ಹೋದವರು, ದೇವರಿಗೆ ಹಾಲಿಡುವ ಬೆಳ್ಳಿ ಲೋಟ ಒಂದನ್ನು ಬಿಟ್ಟು ಮನೆಯಲ್ಲಿದ್ದ ಒಳ್ಳೆಯ ಲೋಟದಲ್ಲೇ ಕಾಫಿ ತಂದು ಅವಳ ಕೈಗೆ ಕೊಟ್ಟರು. “ಬಾಲ ಬಿಟ್ಟರೆ ಚೆನ್ನಾಗೇ ಹಾಕ್ತೀರಿ,” ಎಂದರು. ಹೋಗುವಾಗ ಸೊಸೆಯ ಕೆನ್ನೆಯ ಮೇಲಿನ ಬಿಳಿಪುಡಿಯನ್ನು ಸೆರಗಿನಿಂದ ಒರೆಸಿ ಹೋದರು, ಡಬ್ಬಿಯ ಧೂಳು ಒರೆಸಿದ ಹಾಗೆಯೇ, ಒರಟಾಗಿ.

ತಾವರೆ ಮುಗಿಯಿತು. ಅರ್ಧ ಎಸಳು ಅಲೆ, ಅರ್ಧ ಎಸಳಿಗೆ ಬಾಲ. ಸುತ್ತ ಇನ್ನೊಂದು ಸುತ್ತು ಬಳ್ಳಿ ಹಾಕಬಹುದಿತ್ತು. ಡಬ್ಬಿಯಲ್ಲಿ ಪುಡಿ ಇತ್ತು. ಹಾಕಲೇಬೇಕೆಂಬ ತವಕವಿದೆಯೇ ಎಂದು ತನ್ನೊಳಗೆ ಹುಡುಕಿದಳು. ಅಲ್ಲಿ ಅಂಥದ್ದೇನೂ ಇರಲಿಲ್ಲ. ಕಾಲು ಜೋಮು ಹಿಡಿದಿತ್ತು, ಸೊಂಟ ನೋಯುತ್ತಿತ್ತು, ಹಸಿವಾಗುತ್ತಿತ್ತು. ಸಾಕು ಎಂದು ಡಬ್ಬಿಯ ಮುಚ್ಚಳ ಹಾಕಿದಳು. ಹಾಕುವಾಗ ಆಕಳಿಕೆ ಬಂತು. ಅದನ್ನು ನೋಡಿ ಶಿವಕ್ಕನೂ ಆಕಳಿಸಿ, “ನಿಮ್ದು ನಂಗೂ ಅಂಟಿಸ್ಬುಟ್ರಿ,” ಎಂದು ಎದ್ದು ಹೋದಳು.

ಅವತ್ತು ಚಕ್ರಪಾಣಿ ಬರುವುದು ತಡವಾಯಿತು. ಸೀತಾ ಊಟ ಮಾಡಿ, ಮಾತ್ರೆ ನುಂಗಿ, ಅವನು ಬರುವವರೆಗೆ ಒಂದಿಷ್ಟು ಹೊತ್ತು ಎಂದು ಹಜಾರದ ಚಾಪೆಯ ಮೇಲೆ ಅಡ್ಡಾದಳು. ಲೂನಾದ ಸದ್ದು ಬೀದಿಯ ತಿರುವಿನಿಂದ ಬಂದು ಗೇಟಿನ ಹತ್ತಿರ ಥಟ್ಟನೆ ನಿಂತದ್ದು ಅರೆನಿದ್ದೆಯಲ್ಲಿ ಕೇಳಿಸಿತು. ಹೊಸಿಲ ದೀಪದ ಬೆಳಕಿನಲ್ಲಿ ಅವನು ತಾವರೆಯನ್ನು ಕಂಡಿರಬೇಕು. ಬಹಳ ಹೊತ್ತು ಯಾವ ಸದ್ದೂ ಇಲ್ಲ. ಎಷ್ಟು ದೊಡ್ಡದಿದೆ, ಎಲ್ಲಿಯವರೆಗೆ ಹೋಗಿದೆ, ಪಕ್ಕದ ಬಾಗಿಲಿಗೂ ಇದೆಯೇ ಎಂದು ನೋಡುತ್ತಿದ್ದಾನೆ, ಪಾಪ. ಆಮೇಲೆ ಚಕ್ರ ಸುತ್ತು ಹಾಕಿ, ಗೋಡೆಯಂಚಿನ ಜಲ್ಲಿಯ ಮೇಲೆ ಕರಕರ ಅನ್ನುತ್ತ ಪಕ್ಕದಿಂದ ಒಳಗೆ ಬಂತು.

“ಅಮ್ಮಾ, ಅವಳೆಲ್ಲಿ?” ದನಿಯಲ್ಲಿ ಉಸಿರಿರಲಿಲ್ಲ.

“ಶ್! ಮಲಗಿದಾಳೆ.” ಅತ್ತೆ ಪಿಸುಗುಟ್ಟಲು ನೋಡುತ್ತಿದ್ದರು, ಅದು ಪಕ್ಕದ ಮನೆಗೂ ಕೇಳುವಂತಿತ್ತು. “ಮಾತ್ರೆ ತಗೊಂಡಳು. ಹೆದರ್ಕೋಬೇಡ. ಆಗಿಂದ ಆಕಳಿಸ್ತಾನೇ ಇದ್ದಳು ಕಣೋ. ನಾನೇ ಕಣ್ಣಾರೆ ನೋಡ್ದೆ.” ಮೊಮ್ಮಗುವಿಗೆ ಹಲ್ಲು ಬಂತೆಂದು ಹೇಳುವ ದನಿ ಅದು. ಸ್ವಲ್ಪ ತಡೆದು, ಇನ್ನೂ ಗಟ್ಟಿಯಾದ ಪಿಸುಮಾತಿನಲ್ಲಿ ಅಂದರು: “ನಿಮ್ಮಪ್ಪನ ತಿಥಿ ದಿನ ಹಾಕಿದ್ದು ಇವಳಲ್ಲವಂತೆ. ಶಿವಕ್ಕ ಹಾಕಿದ್ದಂತೆ. ಇವಳಿಗೆ ನಿಜವಾಗ್ಲೂ ಏಳೋಕಾಗ್ತಿರಲಿಲ್ಲ ಕಣೋ.”

ಅವನು ಚಪ್ಪಲಿ ಬಿಚ್ಚಿದ್ದು ಕೇಳಿಸಿತು. ಬಂದು ಚಾಪೆಯ ಪಕ್ಕ ನಿಂತದ್ದು, ನಿಂತೇ ಇದ್ದದ್ದು ತಿಳಿಯಿತು. ಗೂಡಿನಲ್ಲಿದ್ದ ಟಾರ್ಚಿಗೆ ಕೈ ಹಾಕಲಿಲ್ಲ. ಕೆಳಗೆ ಕೂತ, ಅವಳ ಕೈಯನ್ನು, ಬೆರಳ ಸಂದಿಯ ಪುಡಿಯ ಸಮೇತ, ತನ್ನ ಕೈಯೊಳಗೆ ತೆಗೆದುಕೊಂಡ. ಇಬ್ಬರಲ್ಲಿ ಯಾರ ಕೈ ಹೆಚ್ಚು ನಡುಗುತ್ತಿತ್ತೋ ಅವಳಿಗೆ ತಿಳಿಯಲಿಲ್ಲ. ಹೋಗಲಿ ಬಿಡಿ, ಊಟ ಮಾಡಿ ಎಂದೋ, ರಂಗೋಲಿ ನೋಡಿದಿರಾ ಎಂದೋ, ಹೇಳಬೇಕಾದದ್ದು ಏನೋ ಒಂದಿತ್ತು. ಹೇಳಲೆಂದು ಅವಳು ಬಾಯಿ ತೆರೆದಳು. ಬಂದದ್ದು ಆಕಳಿಕೆ.